ಈ ತಿಂಗಳ ಕಾಗದಗಳೆಲ್ಲ ಏರಿಯಲ್ಲಿನವು

ಮಳೆ ಹಿಂದೆ ಸರಿದು ಅಡಕೆ ಕೊಯ್ಲು ಶುರುವಾಗುವ ಹೊತ್ತಿಗೆ ಈ ಅಂಕಣಕ್ಕೆ ಬರುವ ಕಾಗದಗಳ ಸ್ವರೂಪವೇ ಬದಲಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇನ್ವರ್ಟರ್, ಸ್ಟೆಬಿಲೈಸರ್, ಸುಟ್ಟುಹೋದ ಪಂಪ್‌ಸೆಟ್ ಮೋಟಾರು. ಈಗ ತಾರಸಿ ಒಣಗಿದೆ, ಮರ ಜಾರುವುದಿಲ್ಲ, ರಾತ್ರಿ ಗುಡುಗಿಲ್ಲದೆ ದೂರದ ಸ್ಟೇಷನ್‌ಗಳು ತಿಳಿಯಾಗಿ ಬರತೊಡಗಿವೆ. ಹಾಗಾಗಿ ಏರಿಯಲ್, ಅಂದರೆ ರೇಡಿಯೋ ಅಲೆ ಹಿಡಿಯುವ ಆಂಟೆನಾ.

ನಾನು 31 ವರ್ಷ ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸಿದವಳು. ಆದರೆ ಏರಿಯಲ್ಲಿನ ಮೊದಲ ಪಾಠ ಆಗಿದ್ದು ಹತ್ತನೇ ವಯಸ್ಸಿನಲ್ಲಿ, ಶಿರಸಿ ಸೀಮೆಯ ನಮ್ಮ ಮನೆಯ ಅಂಗಳದಲ್ಲಿ. ಅಪ್ಪಯ್ಯ ಹಲಸಿನ ಮರದ ಮೇಲಿಂದ ತಾಮ್ರದ ತಂತಿ ಇಳಿಬಿಡುತ್ತಿದ್ದರು, ನಾನು ಕೆಳಗೆ ನಿಂತು ಅದು ಹೆಂಚಿಗೆ ತಾಗದಂತೆ ಹಗ್ಗ ಎಳೆದು ಹಿಡಿಯುತ್ತಿದ್ದೆ. ಒಳಗಿನಿಂದ ಆಯಿ “ಬಂತು, ಬಂತು, ಅಲ್ಲೇ ಬಿಡಿ” ಎಂದು ಕೂಗಿದ್ದು ಇನ್ನೂ ಕಿವಿಯಲ್ಲಿದೆ. ಈ ಕಾಗದಗಳಿಗೆ ಉತ್ತರ ಬರೆಯುವುದೆಂದರೆ ನನಗೆ ಹಬ್ಬ.

ಪ್ರಶ್ನೆ: ಅಪ್ಪಯ್ಯನಿಗೆ 84 ವರ್ಷ. ಬೆಳಿಗ್ಗೆ ಧಾರವಾಡ ಕೇಂದ್ರ ಹಚ್ಚದೆ ಕಷಾಯ ಕುಡಿದವರಲ್ಲ. ಹಳೇ ಹೆಂಚಿನ ಮನೆಯಲ್ಲಿ ಚೆನ್ನಾಗಿ ಬರುತ್ತಿತ್ತು. ಹೋದ ವರ್ಷ ಆರ್‌ಸಿಸಿ ಮನೆ ಕಟ್ಟಿಸಿದೆವು. ಅದೇ ರೇಡಿಯೋ, ಅದೇ ಜಾಗ, ಆದರೆ ಈಗ ಬರೀ ಗೊರ್ ಎನ್ನುವ ಸದ್ದು. ಹೊಸ ಸೆಟ್ಟು ತಂದರೂ ಅಷ್ಟೇ. ದೊಡ್ಡ ಏರಿಯಲ್ ಹಾಕಿಸಬೇಕೇ? — ಅಡಕೆ ಬೆಳೆಗಾರರು, ಸಿದ್ದಾಪುರ, ಉತ್ತರ ಕನ್ನಡ

ಸೆಟ್ಟಿಗೆ ಏನೂ ಆಗಿಲ್ಲ, ನಿಮ್ಮ ಮನೆ ಬದಲಾಗಿದೆ. ಎರಡು ಬದಲಾವಣೆ ಒಟ್ಟಿಗೇ ಆಗಿವೆ. ಒಂದು, ಸ್ಲ್ಯಾಬಿನೊಳಗಿನ ಕಬ್ಬಿಣದ ಸರಳಿನ ಬಲೆ ಧಾರವಾಡದ ಅಲೆಯನ್ನು ಹೊರಗೇ ತಡೆಯುತ್ತಿದೆ. ಇನ್ನೊಂದು, ಹೊಸ ಮನೆ ಎಂದ ಮೇಲೆ ಎಲ್‌ಇಡಿ ದೀಪಗಳು, ಮೊಬೈಲ್ ಚಾರ್ಜರ್‌ಗಳು, ಇನ್ವರ್ಟರ್ ಎಲ್ಲ ಬಂದಿರುತ್ತವೆ. ಇವುಗಳ ಹೊಟ್ಟೆಯಲ್ಲಿ ಕರೆಂಟನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕಡಿದು ಜೋಡಿಸುವ ಸರ್ಕೀಟು ಇದೆ. ಆ ಕಡಿತದ ಸದ್ದೇ ನೀವು ಕೇಳುತ್ತಿರುವ ಗೊರ್.

ಮೊದಲು ಒಂದು ಪರೀಕ್ಷೆ ಮಾಡಿ, ಖರ್ಚಿಲ್ಲ. ರೇಡಿಯೋಗೆ ಸೆಲ್ ಹಾಕಿ, ಧಾರವಾಡದ 765 ಕಿಲೋಹರ್ಟ್ಸ್‌ಗೆ ತಿರುಗಿಸಿ ಜಗುಲಿಯ ಮೇಲಿಡಿ. ಮನೆಯ ಮೇನ್ ಸ್ವಿಚ್ ಆಫ್ ಮಾಡಿಸಿ, ಇನ್ವರ್ಟರನ್ನೂ ಆಫ್ ಮಾಡಿಸಿ. ಗದ್ದಲ ಥಟ್ಟನೆ ನಿಂತಿತೇ? ಹಾಗಿದ್ದರೆ ಒಂದೊಂದೇ ಸ್ವಿಚ್ ಹಾಕುತ್ತಾ ಬನ್ನಿ. ನಾನು ಇದುವರೆಗೆ ನೋಡಿದ ಮನೆಗಳಲ್ಲಿ ಇಡೀ ಗದ್ದಲದ ಮುಕ್ಕಾಲು ಪಾಲು ಒಂದೋ ಎರಡೋ ಅಗ್ಗದ ಚಾರ್ಜರಿನಿಂದಲೇ ಬರುತ್ತಿತ್ತು. ಸೆಕೆಂಡಿಗೊಮ್ಮೆ ಟಿಕ್, ಟಿಕ್ ಎಂದು ಕೇಳಿದರೆ ಅದು ಮನೆಯದಲ್ಲ, ತೋಟದ ಸೋಲಾರ್ ಬೇಲಿಯದು. ಬೇಲಿ ತಂತಿಗೆ ಬಳ್ಳಿ, ಹಸಿ ಸೊಪ್ಪು ತಾಗಿ ಕಿಡಿ ಹಾರುತ್ತಿರುತ್ತದೆ. ಸವರಿಸಿದರೆ ಬೇಲಿಗೂ ಒಳ್ಳೆಯದು, ರೇಡಿಯೋಗೂ ಒಳ್ಳೆಯದು.

ಈಗ ದಿಕ್ಕಿನ ಮಾತು. ಧಾರವಾಡ ಬರುವ ಮೀಡಿಯಂ ವೇವ್‌ಗೆ ರೇಡಿಯೋದೊಳಗೇ ಏರಿಯಲ್ ಇದೆ: ಬೆರಳು ಗಾತ್ರದ ಕಪ್ಪು ಫೆರೈಟ್ ಕಡ್ಡಿ, ಅದರ ಮೇಲೆ ಸುತ್ತಿದ ತೆಳು ತಂತಿ. ಮೇಲಕ್ಕೆ ಎಳೆಯುವ ಉಕ್ಕಿನ ಕೋಲಿಗೂ ಮೀಡಿಯಂ ವೇವ್‌ಗೂ ಸಂಬಂಧವೇ ಇಲ್ಲ. ಎಷ್ಟೋ ಜನ ಆ ಕೋಲನ್ನು ತಿರುಗಿಸಿ ತಿರುಗಿಸಿ ಸೋತಿರುತ್ತಾರೆ. ಫೆರೈಟ್ ಕಡ್ಡಿ ಸಾಮಾನ್ಯವಾಗಿ ಸೆಟ್ಟಿನ ಉದ್ದಕ್ಕೆ ಮಲಗಿರುತ್ತದೆ. ಕಡ್ಡಿಯ ಮಗ್ಗುಲು ಸ್ಟೇಷನ್ ಕಡೆಗಿದ್ದರೆ ಸದ್ದು ಜೋರು, ಕಡ್ಡಿಯ ತುದಿ ಸ್ಟೇಷನ್ ಕಡೆಗಿದ್ದರೆ ಸದ್ದು ಮಾಯ. ಧಾರವಾಡ ನಿಮ್ಮಿಂದ ಹೆಚ್ಚುಕಡಿಮೆ ನೇರ ಉತ್ತರಕ್ಕೆ. ಆದ್ದರಿಂದ ರೇಡಿಯೋದ ಮುಖವೋ ಬೆನ್ನೋ ಉತ್ತರಕ್ಕೆ ಇರಲಿ. ಉತ್ತರದ ಗೋಡೆಯ ಕಿಟಕಿಯಲ್ಲಿ ಇಟ್ಟರೆ ಇನ್ನೂ ಒಳ್ಳೆಯದು.

ಇಷ್ಟರಿಂದ ಮುಗಿಯದಿದ್ದರೆ ಚೌಕಟ್ಟಿನ ಏರಿಯಲ್ ಕಟ್ಟಿ. ದೊಡ್ಡ ತಂತಿ ಎಳೆಸಬೇಡಿ ಎನ್ನುತ್ತೇನೆ, ಕಾರಣ ಹೇಳುತ್ತೇನೆ. ಮೀಡಿಯಂ ವೇವ್‌ನಲ್ಲಿ ಗದ್ದಲ ಬರುವುದು ಹೊರಗಿನಿಂದ, ಸೆಟ್ಟಿನ ಒಳಗಿನಿಂದಲ್ಲ. ತಂತಿ ಉದ್ದ ಮಾಡಿದರೆ ಧಾರವಾಡವೂ ಹೆಚ್ಚುತ್ತದೆ, ಗೊರ್ ಕೂಡ ಅಷ್ಟೇ ಹೆಚ್ಚುತ್ತದೆ. ಅಪ್ಪಯ್ಯನ ಕಿವಿಗೆ ಏನೂ ಲಾಭವಿಲ್ಲ. ಬೇಕಾದ್ದು ಹೆಚ್ಚು ಎಳೆಯುವ ಏರಿಯಲ್ ಅಲ್ಲ, ಬೇಕಾದ್ದನ್ನಷ್ಟೇ ಆರಿಸುವ ಏರಿಯಲ್. ಚೌಕಟ್ಟು ಅಲೆಯ ಕಾಂತದ ಭಾಗವನ್ನು ಹಿಡಿಯುತ್ತದೆ, ಮನೆಯೊಳಗಿನ ಗದ್ದಲವನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತದೆ. ಜೊತೆಗೆ ಅದನ್ನು 765ಕ್ಕೇ ಶ್ರುತಿ ಮಾಡಬಹುದು.

ಕಟ್ಟುವ ಕ್ರಮ ಹೀಗೆ. ಚೆನ್ನಾಗಿ ಒಣಗಿದ ಅಡಕೆ ದಬ್ಬೆ ಎರಡು ತೆಗೆದುಕೊಳ್ಳಿ, ತಲಾ 85 ಸೆಂ.ಮೀ. ಎರಡನ್ನೂ ಗುಣಿಸುವ ಚಿಹ್ನೆಯಂತೆ ನಡುವೆ ಸೇರಿಸಿ ಬೋಲ್ಟು ಹಾಕಿ. ನಾಲ್ಕೂ ತುದಿಗೆ ಅಂಗೈಯಗಲದ ಅಡ್ಡಪಟ್ಟಿ ಹೊಡೆದು, ಅದರ ಮೇಲೆ 6 ಮಿ.ಮೀ.ಗೊಂದರಂತೆ ಗರಗಸದಿಂದ 12 ಗೀರು ಹಾಕಿ. ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ 24 ಗೇಜಿನ ಎನಾಮಲ್ ತಂತಿ 30 ಮೀಟರ್ ಕೇಳಿ. ಅಥವಾ ಪ್ಲಾಸ್ಟಿಕ್ ಹೊದಿಕೆಯ ಸಾದಾ ತಂತಿಯೂ ನಡೆಯುತ್ತದೆ. ಸುಮಾರು 60 ಸೆಂ.ಮೀ. ಬದಿಯ ಚೌಕವಾಗುವಂತೆ 12 ಸುತ್ತು ಸುತ್ತಿ. ಎರಡು ತುದಿಗಳನ್ನು ಹಳೇ ವಾಲ್ವ್ ರೇಡಿಯೋದಿಂದ ಬಿಚ್ಚಿದ ಗ್ಯಾಂಗ್ ಕಂಡೆನ್ಸರಿಗೆ (ಸ್ಟೇಷನ್ ಆರಿಸಲು ತಿರುಗಿಸುವ, ರೆಕ್ಕೆಗಳಿರುವ ಬಿಡಿಭಾಗ) ಬೆಸೆಯಿರಿ. ಒಂದು ತುದಿ ತಿರುಗುವ ರೆಕ್ಕೆಗಳಿಗೆ, ಇನ್ನೊಂದು ಕದಲದ ರೆಕ್ಕೆಗಳಿಗೆ. ಗ್ಯಾಂಗಿನ ಒಂದು ಭಾಗ ಸುಮಾರು 365ರಿಂದ 500 ಪಿಕೋಫ್ಯಾರಡ್ ಇರುತ್ತದೆ; 765ಕ್ಕೆ ಅದು ಧಾರಾಳ ಸಾಕು. ಗ್ಯಾಂಗ್ ಸಿಗದಿದ್ದರೆ ಪೇಟೆಯಲ್ಲಿ ಹಳೇ ರೇಡಿಯೋ ರಿಪೇರಿ ಮಾಡುತ್ತಿದ್ದವರ ಮನೆಗೆ ಹೋಗಿ ಕೇಳಿ, ಅಟ್ಟದ ಮೇಲೆ ಡಬ್ಬಿಗಟ್ಟಲೆ ಇರುತ್ತವೆ.

ರೇಡಿಯೋಗೆ ತಂತಿ ಜೋಡಿಸುವುದೇ ಬೇಡ. ಚೌಕಟ್ಟಿನ ಅಂಚು ಉತ್ತರ–ದಕ್ಷಿಣಕ್ಕೆ ಇರುವಂತೆ ನಿಲ್ಲಿಸಿ, ರೇಡಿಯೋವನ್ನು ಅದಕ್ಕೆ ಅಡ್ಡಲಾಗಿ, ಕಿಟಕಿಯೊಳಗೆ ಹಲಗೆ ತೂರಿಸಿದಂತೆ ಇಡಿ. ಆಮೇಲೆ ಗ್ಯಾಂಗನ್ನು ಮೆಲ್ಲಗೆ ತಿರುಗಿಸಿ. ಒಂದು ಕಡೆ ಧಾರವಾಡ ಇದ್ದಕ್ಕಿದ್ದಂತೆ ಉಬ್ಬಿ ಬರುತ್ತದೆ. ಆ ಕ್ಷಣ ಅಪ್ಪಯ್ಯನ ಕೈಯಲ್ಲೇ ಗುಬ್ಬಿ ಇರಲಿ, ಅವರೇ ತಿರುಗಿಸಲಿ.

ಪ್ರಶ್ನೆ: ಎಂಟನೇ ಮಹಡಿಯ ಫ್ಲ್ಯಾಟು. ಅಸೋಸಿಯೇಷನ್‌ನವರು ತಾರಸಿಯಲ್ಲಿ ತಂತಿ ಕಟ್ಟಲು ಬಿಡುವುದಿಲ್ಲ. ಶಾರ್ಟ್‌ವೇವ್ ಕೇಳುವ ಆಸೆ ಬಿಡಬೇಕೇ, ಮೇಡಂ? — ಬ್ಯಾಂಕ್ ಉದ್ಯೋಗಿ, ಬೆಂಗಳೂರು

ಬಿಡಬೇಡಿ. ಎಂಟನೇ ಮಹಡಿ ಎಂದರೆ ಎತ್ತರ ಆಗಲೇ ಸಿಕ್ಕಿದೆ. ಬಾಲ್ಕನಿಯ ಕಂಬಿಯಿಂದ ಒಂದು ಗೇಣು ಹೊರಗೆ, ಪ್ಲಾಸ್ಟಿಕ್ ಪೈಪಿನ ತುಂಡುಗಳ ಮೇಲೆ, ತೆಳುವಾದ ತಂತಿ ಐದಾರು ಮೀಟರ್ ಎಳೆಯಿರಿ. ಕೂದಲೆಳೆಯಂಥ ವೈಂಡಿಂಗ್ ತಂತಿ ಹಾಕಿದರೆ ಹತ್ತು ಅಡಿ ದೂರಕ್ಕೆ ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಅಸೋಸಿಯೇಷನ್‌ಗೆ ಹೇಳಿಯೇ ಮಾಡಿ. ಬಾಲ್ಕನಿಯೊಳಗಿನ ತಂತಿಗೆ ತಕರಾರು ಬರುವುದು ಅಪರೂಪ.

ಮುಖ್ಯ ಸಂಗತಿ ಬಾಲ್ಕನಿಯಿಂದ ಸೆಟ್ಟಿನವರೆಗಿನ ದಾರಿ. ಬರಿ ತಂತಿಯನ್ನೇ ಒಳಗೆ ಎಳೆದರೆ ಅದು ವೈಫೈ ಡಬ್ಬಿ, ಟಿವಿ, ಫ್ರಿಜ್ಜು ಎಲ್ಲದರ ಗದ್ದಲವನ್ನು ಹೀರುತ್ತಾ ಬರುತ್ತದೆ. ಒಳಗೆ ಬರುವ ಭಾಗ ಡಿಶ್ ಟಿವಿಗೆ ಬಳಸುವ ಕೋಯಾಕ್ಸ್ ಕೇಬಲ್ ಆಗಿರಲಿ. ತಂತಿಗೂ ಕೇಬಲ್ಲಿಗೂ ಪ್ರತಿರೋಧ ಹೊಂದುವುದಿಲ್ಲ, ತಂತಿಯದು ಕೆಲವು ನೂರು ಓಮ್, ಕೇಬಲ್ಲಿನದು 75. ನಡುವೆ ಒಂಬತ್ತಕ್ಕೊಂದರ ಪುಟ್ಟ ಟ್ರಾನ್ಸ್‌ಫಾರ್ಮರ್ ಬೇಕು. ಫೆರೈಟ್ ಬಳೆಯ ಮೇಲೆ ಮೂರು ತಂತಿ ಒಟ್ಟಿಗೆ ಹೊಸೆದು ಒಂಬತ್ತು ಸುತ್ತು ಸುತ್ತಿ, ಮೂರನ್ನೂ ಸಾಲಾಗಿ ಜೋಡಿಸಿದರೆ ಆಯಿತು. ಮೇಲಿನ ತುದಿಗೆ ಏರಿಯಲ್, ಕೆಳಗಿನ ಒಂದು ಸುರುಳಿಗೆ ಕೇಬಲ್.

ಎರಡು ಎಚ್ಚರ. ಬೆಂಗಳೂರಿನ 612 ಕಿಲೋಹರ್ಟ್ಸ್ ಸ್ಟೇಷನ್ 200 ಕಿಲೋವ್ಯಾಟ್‌ನದು. ಸಣ್ಣ ಸೆಟ್ಟಿಗೆ ಉದ್ದ ತಂತಿ ಸಿಕ್ಕಿಸಿದರೆ ಅದೇ ಸ್ಟೇಷನ್ ಡಯಲ್ಲಿನ ಎಲ್ಲ ಕಡೆ ಹಾಡುತ್ತದೆ. ಹಾಗಾದರೆ ತಂತಿ ಕಡಿಮೆ ಮಾಡಿ, ಹೆಚ್ಚು ಮಾಡಬೇಡಿ. ಎರಡನೆಯದು ಹೊತ್ತಿನ ಲೆಕ್ಕ. ಹಗಲು 19 ಮತ್ತು 25 ಮೀಟರ್ ಬ್ಯಾಂಡ್, ಸಂಜೆಗೆ 31, ಕತ್ತಲಾದ ಮೇಲೆ 41 ಮತ್ತು 49. ಮಧ್ಯಾಹ್ನ 49 ಮೀಟರಿನಲ್ಲಿ ಏನೂ ಬರಲಿಲ್ಲವೆಂದು ಏರಿಯಲ್ ಬಿಚ್ಚಿಹಾಕಿದವರನ್ನು ನೋಡಿದ್ದೇನೆ. ಹಗಲಿನಲ್ಲಿ ಆಕಾಶದ ಕೆಳಗಿನ ಅಯಾನು ಪದರ ಆ ಅಲೆಗಳನ್ನು ನುಂಗುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗಿ, ಮೇಲಿನ ಪದರ ಅಲೆಗಳನ್ನು ಭೂಮಿಗೆ ಹಿಂದಿರುಗಿಸುತ್ತದೆ. ಹೈದರಾಬಾದಿನ 738, ಚೆನ್ನೈನ 720 ರಾತ್ರಿ ನಿಮಗೆ ಸಿಗುವುದೂ ಇದರಿಂದಲೇ.

ಪ್ರಶ್ನೆ: ಮೊಬೈಲಿನ ಎಫ್‌ಎಂ ಇಯರ್‌ಫೋನ್ ಸಿಕ್ಕಿಸದೆ ಓಡುವುದಿಲ್ಲ ಏಕೆ? — ಗೃಹಿಣಿ, ಹಾವೇರಿ

ಇಯರ್‌ಫೋನಿನ ತಂತಿಯೇ ಅದರ ಏರಿಯಲ್. ಸುರುಳಿ ಸುತ್ತಿಟ್ಟರೆ ಸ್ಟೇಷನ್ ಓಡಿಹೋಗುತ್ತದೆ, ಬಿಚ್ಚಿ ಇಳಿಬಿಟ್ಟರೆ ಬರುತ್ತದೆ. ಹಾಗೆಯೇ ರೇಡಿಯೋದ ಉದ್ದಕೋಲನ್ನು ಎಫ್‌ಎಂಗೆ 70–75 ಸೆಂ.ಮೀ. ಮಾತ್ರ ಎಳೆದು ನೋಡಿ. ಪೂರ್ತಿ ಎಳೆದದ್ದಕ್ಕಿಂತ ಚೆನ್ನಾಗಿ ಬಂದರೂ ಬಂದೀತು.

ಪ್ರಶ್ನೆ: ನಮ್ಮ ಮನೆಯ ಮೇಲೆ ದೂರದರ್ಶನದ ಹಳೇ ಆಂಟೆನಾ ಹಾಗೇ ನಿಂತಿದೆ. ಮೈಸೂರು ಎಫ್‌ಎಂ 100.6 ನಮ್ಮಲ್ಲಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅದೇ ಆಂಟೆನಾದ ತಂತಿಯನ್ನು ರೇಡಿಯೋಗೆ ಕೊಡಬಹುದೇ? ಕೊಟ್ಟು ನೋಡಿದೆ, ದೊಡ್ಡ ವ್ಯತ್ಯಾಸ ಕಾಣಲಿಲ್ಲ. — ನಿವೃತ್ತ ಶಿಕ್ಷಕರು, ಗುಂಡ್ಲುಪೇಟೆ

ಗುರುಗಳೇ, ಆ ಆಂಟೆನಾವನ್ನು ಗುಜರಿಗೆ ಹಾಕದೆ ಉಳಿಸಿಕೊಂಡಿರುವುದು ಕೇಳಿ ತುಂಬ ಖುಷಿಯಾಯಿತು. ಅದರಿಂದ ಏನು ಮಾಡಬಹುದು ಎಂದು ಸವಿವರವಾಗಿ ಬರೆಯುತ್ತೇನೆ.

ಮೊದಲು ಟೇಪು ಹಿಡಿದು ಅಡ್ಡಕಡ್ಡಿಗಳನ್ನು ಅಳೆಯಿರಿ. ಬಹುಶಃ 65ರಿಂದ 85 ಸೆಂ.ಮೀ. ಇರುತ್ತವೆ. ದೂರದರ್ಶನದ ಆ ಚಾನೆಲ್‌ಗಳು 174 ಮೆಗಾಹರ್ಟ್ಸ್‌ಗಿಂತ ಮೇಲಿದ್ದವು. ಅಲೆಯುದ್ದದ ಲೆಕ್ಕ ಸುಲಭ: 300ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಮೀಟರು ಸಿಗುತ್ತದೆ. 100.6ಕ್ಕೆ ಅದು ಸುಮಾರು 2.98 ಮೀಟರ್. ಅಲೆಯನ್ನು ಚೆನ್ನಾಗಿ ಹಿಡಿಯುವ ಕಡ್ಡಿ ಅದರ ಅರ್ಧಕ್ಕಿಂತ ತುಸು ಕಡಿಮೆ ಇರಬೇಕು, ಅಂದರೆ 1.41 ಮೀಟರ್. ನಿಮ್ಮ ಆಂಟೆನಾದ ಕಡ್ಡಿಗಳು ಅದರ ಅರ್ಧವಷ್ಟೇ ಇವೆ. ಹಾಗಾಗಿಯೇ ವ್ಯತ್ಯಾಸ ಕಾಣಲಿಲ್ಲ.

ಆದರೆ ಆ ಅರ್ಧವೇ ನಮಗೆ ಅನುಕೂಲ! ಉದ್ದದ ಎರಡು ಕಡ್ಡಿ ಬಿಚ್ಚಿ, ತಲಾ 70 ಸೆಂ.ಮೀ.ಗೆ ಕತ್ತರಿಸಿ. ನಡುವೆ ಒಂದೆರಡು ಸೆಂ.ಮೀ. ಬಿಟ್ಟು ಎದುರುಬದುರು ಒಂದೇ ಗೆರೆಯಲ್ಲಿ ಪಿವಿಸಿ ಪೈಪಿನ ಮೇಲೆ ಕೂರಿಸಿ. ಡೈಪೋಲ್ ತಯಾರು. ಕೋಯಾಕ್ಸ್ ಕೇಬಲ್ಲಿನ ಒಳತಂತಿ ಒಂದು ಕಡ್ಡಿಗೆ, ಹೊರಜಾಲರಿ ಇನ್ನೊಂದಕ್ಕೆ. ಕಡ್ಡಿಯ ಬಳಿಯೇ ಕೇಬಲ್ಲನ್ನು ಅಂಗೈಯಗಲದ ಐದಾರು ಸುರುಳಿ ಮಾಡಿ ಟೇಪು ಸುತ್ತಿ. ಆಗ ಕೇಬಲ್ಲಿನ ಹೊರಮೈ ತಾನೂ ಏರಿಯಲ್ ಆಗಿ ಮನೆಯ ಗದ್ದಲ ತರುವುದಿಲ್ಲ.

ಇದಕ್ಕೇ ತೃಪ್ತರಾದರೆ ಆಯಿತು. ಇನ್ನೂ ಬೇಕೆನಿಸಿದರೆ ಹಿಂದೆ ಒಂದು ಪ್ರತಿಫಲಕ (ಅಲೆಯನ್ನು ಡೈಪೋಲ್‌ಗೆ ಹಿಂದಿರುಗಿಸುವ ಕಡ್ಡಿ), ಮುಂದೆ ಒಂದು ನಿರ್ದೇಶಕ (ಅಲೆಯನ್ನು ಅದರ ಕಡೆಗೆ ನಡೆಸುವ ಕಡ್ಡಿ) ಸೇರಿಸಿ. ಪ್ರತಿಫಲಕ 1.47 ಮೀಟರ್, ನಿರ್ದೇಶಕ 1.33 ಮೀಟರ್, ಡೈಪೋಲ್‌ನಿಂದ ಎರಡೂ 60 ಸೆಂ.ಮೀ. ದೂರ. ಇವೆರಡಕ್ಕೆ ಕೇಬಲ್ ಬೇಡ, ನಡುವಿನ ಲೋಹದ ದಂಡಕ್ಕೇ ನೇರ ಬಿಗಿದರೂ ತೊಂದರೆಯಿಲ್ಲ. ಡೈಪೋಲ್ ಮಾತ್ರ ದಂಡಕ್ಕೆ ತಾಗಬಾರದು. ಈ ವಿನ್ಯಾಸ 1926ರಲ್ಲಿ ಜಪಾನಿನ ಯಾಗಿ ಮತ್ತು ಊಡಾ ಕಂಡುಹಿಡಿದದ್ದು. ನಮ್ಮ ಊರಿನ ಪ್ರತಿ ತಾರಸಿಯ ಮೇಲೂ ಮೀನಿನ ಮುಳ್ಳಿನಂತೆ ನಿಂತಿದ್ದುದು ಅದೇ. ಕಡ್ಡಿ ಕೂರಿಸಲು ವಿದ್ಯಾರ್ಥಿಗಳನ್ನು ಕರೆಯಿರಿ, ನೂರು ವರ್ಷದ ಹಿಂದಿನ ಒಂದು ಆಲೋಚನೆ ಒಂದು ಮಧ್ಯಾಹ್ನದಲ್ಲಿ ಅವರ ಕೈಯಿಂದಲೇ ಕೆಲಸ ಮಾಡುವುದನ್ನು ನೋಡಲಿ.

ಮೈಸೂರು ನಿಮಗೆ ಉತ್ತರಕ್ಕೆ, ಅರವತ್ತು ಕಿಲೋಮೀಟರ್ ಒಳಗೆ. ಆಂಟೆನಾದಲ್ಲಿ ನಿರ್ದೇಶಕ ಇರುವ ಕಡೆಯನ್ನು ಉತ್ತರಕ್ಕೆ ಮಾಡಿ. ಮೂರು ಕಡ್ಡಿಯ ಆಂಟೆನಾದ ನೋಟ ಅಗಲವಾಗಿರುತ್ತದೆ, ಹತ್ತು ಡಿಗ್ರಿ ಆಚೀಚೆಯಾದರೆ ಏನೂ ಆಗದು. ಆದರೆ ಬೆನ್ನ ಹಿಂದೆ, ನೀಲಗಿರಿ ಕಡೆಯಿಂದ ಬರುವುದನ್ನು ಅದು ಚೆನ್ನಾಗಿ ತಗ್ಗಿಸುತ್ತದೆ. ಕಡ್ಡಿಗಳನ್ನು ಮೊದಲು ಮಲಗಿಸಿ ಕೇಳಿ, ಆಮೇಲೆ ಇಡೀ ಆಂಟೆನಾವನ್ನು ಮಗ್ಗುಲು ತಿರುಗಿಸಿ ಕಡ್ಡಿ ನೆಟ್ಟಗೆ ನಿಲ್ಲಿಸಿ ಕೇಳಿ. ಯಾವುದು ಮೇಲೋ ಅದನ್ನೇ ಬಿಗಿಯಿರಿ.

ಸಿದ್ದಾಪುರದವರಿಗೆ ದೊಡ್ಡ ಏರಿಯಲ್ ಬೇಡವೆಂದು ನಿಮಗೆ ಮಾತ್ರ ಏಕೆ ಎತ್ತರಕ್ಕೆ ಏರಿಸುತ್ತಿದ್ದೇನೆ ಎಂದು ಓದುಗರು ಕೇಳಬಹುದು. ಎಫ್‌ಎಂನಲ್ಲಿ ಹೊರಗಿನ ಗದ್ದಲ ಕಡಿಮೆ. ಅಲ್ಲಿ ಭುಸ್ ಎನ್ನುವ ಸದ್ದು ಬಹುಪಾಲು ಸೆಟ್ಟಿನ ಒಳಗಿನದೇ. ಆದ್ದರಿಂದ ಸಿಗ್ನಲ್ ಹೆಚ್ಚಿಸಿದಷ್ಟೂ ಲಾಭ. ಅಲೆಯೂ ಹೆಚ್ಚುಕಡಿಮೆ ಬೆಳಕಿನಂತೆ ನೇರ ಸಾಗುತ್ತದೆ, ಗುಡ್ಡ ಅಡ್ಡ ಬಂದರೆ ನೆರಳು ಬೀಳುತ್ತದೆ. ತಾರಸಿಯಿಂದ ಐದಾರು ಮೀಟರ್ ಎತ್ತರಿಸಿದರೆ ಸಿಗುವ ಲಾಭ ಯಾವ ಯಂತ್ರದಿಂದಲೂ ಸಿಗದು.

ತಾಮ್ರ ಮತ್ತು ಅಲ್ಯೂಮಿನಿಯಂ ತಾಗುವ ಕಡೆ ಒಂದೇ ಮಳೆಗಾಲಕ್ಕೆ ಬಿಳಿ ಪುಡಿ ಏಳುತ್ತದೆ. ಸ್ಟೇನ್‌ಲೆಸ್ ಸ್ಟೀಲಿನ ಸ್ಕ್ರೂ, ವಾಷರ್ ಹಾಕಿ ಗ್ರೀಸು ಸವರಿ. ಕೇಬಲ್ಲಿನ ಬಾಯಿಗೆ ನೀರು ಹೋದರೆ ಇಡೀ ಕೇಬಲ್ ಹಾಳು, ಟೇಪು ಬಿಗಿಯಾಗಿ ಸುತ್ತಿ. ರೇಡಿಯೋಗೆ ಏರಿಯಲ್ ತೂತು ಇಲ್ಲದಿದ್ದರೆ, ಸೆಲ್ಲಿನಲ್ಲಿ ಓಡಿಸುವಾಗ ಒಳತಂತಿಯನ್ನು ಉದ್ದಕೋಲಿಗೂ ಜಾಲರಿಯನ್ನು ಸೆಲ್ಲಿನ ಋಣ ತುದಿಗೂ ಕ್ಲಿಪ್ಪು ಹಾಕಿ.

1935ರಲ್ಲಿ ಮೈಸೂರಿನ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಆರಂಭಿಸಿದರು, ‘ಆಕಾಶವಾಣಿ’ ಎಂಬ ಹೆಸರು ಅಲ್ಲಿಂದಲೇ ಬಂತು. ಆ ಊರಿನ ಧ್ವನಿ ನಿಮ್ಮ ಮನೆಗೆ ತಡೆಯಿಲ್ಲದೆ ಬರಲಿ.

ಪ್ರಶ್ನೆ: ಟಿಪ್ಪಣಿ ಪುಸ್ತಕದಷ್ಟು ಚಪ್ಪಟೆಯಾದ ‘ಬೂಸ್ಟರ್’ ಆಂಟೆನಾ, ಹತ್ತು ಪಟ್ಟು ಸಿಗ್ನಲ್ ಎಂದು ಜಾಹೀರಾತು. ಕೊಳ್ಳಲೇ? — ಓದುಗರು, ತುಮಕೂರು

ಬೇಡ. ಬೂಸ್ಟರಿಗೆ ಸ್ಟೇಷನ್ ಯಾವುದು, ಗದ್ದಲ ಯಾವುದು ಎಂದು ಗೊತ್ತಾಗುವುದಿಲ್ಲ. ಎರಡನ್ನೂ ಹಿಗ್ಗಿಸುತ್ತದೆ, ತನ್ನದೂ ಸ್ವಲ್ಪ ಸೇರಿಸುತ್ತದೆ. ಆ ಹಣಕ್ಕೆ ಒಳ್ಳೆಯ ಕೋಯಾಕ್ಸ್ ಕೇಬಲ್ ಕೊಳ್ಳಿ.

ಪ್ರಶ್ನೆ: ತೆಂಗಿನ ಮರದಿಂದ ಮನೆಗೆ 20 ಮೀಟರ್ ತಂತಿ ಎಳೆದಿದ್ದೇನೆ, ಸೊಗಸಾಗಿ ಕೇಳುತ್ತದೆ. ಸಿಡಿಲಿನ ಭಯ ಎಂದು ಮನೆಯವರು ಗಲಾಟೆ. ತೆಗೆಯಬೇಕೇ? — ಓದುಗರು, ಕುಂದಾಪುರ

ಮನೆಯವರ ಮಾತು ಸರಿ. ಈಗ ಇರಲಿ, ಮಾರ್ಚ್ ಮುಗಿಯುವುದರೊಳಗೆ ಇಳಿಸಿ. ನಮ್ಮಲ್ಲಿ ಸಿಡಿಲಿನ ಕಾಟ ಜುಲೈನ ಜಡಿಮಳೆಗಿಂತ ಏಪ್ರಿಲ್–ಮೇ ಸಂಜೆಯ ಮಳೆಯಲ್ಲಿ, ಮತ್ತೆ ಅಕ್ಟೋಬರಿನಲ್ಲಿ ಹೆಚ್ಚು.

ನನ್ನ ಹದಿನಾಲ್ಕನೇ ವಯಸ್ಸಿನಲ್ಲಿ ಒಂದು ಸಂಜೆ ನಮ್ಮ ಕೊಟ್ಟಿಗೆಯ ಹಿಂದಿನ ತೆಂಗಿನ ಮರಕ್ಕೆ ಸಿಡಿಲು ಬಿತ್ತು. ಏರಿಯಲ್ ಕಟ್ಟಿದ್ದ ಹಲಸಿನ ಮರದಿಂದ ಅದು ಮೂವತ್ತು ಮಾರು ದೂರ. ತಂತಿಗೆ ಸಿಡಿಲು ತಾಗಲೇ ಇಲ್ಲ. ಆದರೂ ರೇಡಿಯೋದ ಹಿಂದಿನಿಂದ ನೀಲಿ ಕಿಡಿ ಹಾರಿ ಗೋಡೆಯ ಸುಣ್ಣ ಕಪ್ಪಾಯಿತು, ಒಳಗಿನ ಕಾಯಿಲ್ ಕರಗಿತ್ತು. ಗೋಡೆಯಲ್ಲಿ ಏರಿಯಲನ್ನು ನೆಲಕ್ಕೆ ಸೇರಿಸುವ ಸ್ವಿಚ್ ಇತ್ತು, ಆ ದಿನ ಯಾರೂ ಕೆಳಗೆ ಒತ್ತಿರಲಿಲ್ಲ. ಐದು ನಿಮಿಷ ಮೊದಲು ನನ್ನ ತಂಗಿ ಅದೇ ರೇಡಿಯೋಗೆ ಕಿವಿ ಹಚ್ಚಿ ಕೂತಿದ್ದಳು. ಅದನ್ನು ಈಗ ಬರೆಯುವಾಗಲೂ ಕೈ ನಡುಗುತ್ತದೆ.

ಆದ್ದರಿಂದ ಕೇಳಿ ಮುಗಿದ ಮೇಲೆ ಪ್ರತಿದಿನ ಏರಿಯಲನ್ನು ಸೆಟ್ಟಿನಿಂದ ಬಿಚ್ಚಿ ಮನೆಯ ಹೊರಗೇ ಬಿಡಿ, ಹೊರಗೇ ಅದನ್ನು ಅರ್ಥಿಂಗ್‌ಗೆ ಸೇರಿಸಿ. ಇದ್ದಿಲು, ಉಪ್ಪು ತುಂಬಿದ ಗುಂಡಿಯಲ್ಲಿ ಎರಡೂವರೆ ಮೀಟರ್ ಜಿಐ ಪೈಪು ಇಳಿಸಿದರೆ ಒಳ್ಳೆಯ ಅರ್ಥ್. ಗುಡುಗು ಕೇಳಿದ ಮೇಲೆ ತಂತಿ ಮುಟ್ಟಲು ಹೋಗಬೇಡಿ, ಅಷ್ಟರಲ್ಲಿ ತಡವಾಗಿರುತ್ತದೆ. ನೇರ ಸಿಡಿಲು ಬಡಿದರೆ ಇದ್ಯಾವುದೂ ತಡೆಯುವುದಿಲ್ಲ, ಅದಕ್ಕೇ ಸಿಡಿಲಿನ ತಿಂಗಳಲ್ಲಿ ಇಳಿಸಿ ಎಂದೆ.

ಇನ್ನೊಂದು ಮಾತು, ಇದನ್ನು ಎಲ್ಲ ತೋಟದವರಿಗೂ ಹೇಳುತ್ತಿದ್ದೇನೆ. ಏರಿಯಲ್ ಏರಿಸಲು ಅಡಕೆ ಕೊನೆ ಕೊಯ್ಯುವ ದೋಟಿ ಬಳಸಬೇಡಿ. ಅಲ್ಯೂಮಿನಿಯಂ ದೋಟಿ ಕರೆಂಟು ಹರಿಸುತ್ತದೆಂದು ಎಲ್ಲರಿಗೂ ಗೊತ್ತು. ಹೊಸ ಕಾರ್ಬನ್ ಫೈಬರ್ ದೋಟಿಯೂ ಹರಿಸುತ್ತದೆ, ಫೈಬರ್ ಎಂಬ ಹೆಸರು ನಂಬಬೇಡಿ. ವಿದ್ಯುತ್ ಲೈನಿನ ಮೇಲೆ, ಕೆಳಗೆ, ಪಕ್ಕದಲ್ಲಿ ಏರಿಯಲ್ ಎಳೆಯಲೇಬಾರದು. ತಂತಿ ತುಂಡಾಗಿ ಬಿದ್ದರೂ ಲೈನಿಗೆ ತಾಗದಷ್ಟು ದೂರ ಇರಬೇಕು. ಮರಕ್ಕೆ ಕಟ್ಟುವಾಗ ತಂತಿಯ ತುದಿಗೆ ನೈಲಾನ್ ಹಗ್ಗ, ಹಗ್ಗ ಒಂದು ರಾಟೆಯ ಮೇಲೆ ಹಾದು, ಕೆಳಗೆ ಕಲ್ಲು ತೂಗಲಿ. ಗಾಳಿಗೆ ಮರ ತೂಗಿದಾಗ ಕಲ್ಲು ಮೇಲೆ ಕೆಳಗೆ ಆಡುತ್ತದೆ, ತಂತಿ ಹರಿಯುವುದಿಲ್ಲ.

ಪ್ರಶ್ನೆ: ವಿಜ್ಞಾನ ಪ್ರದರ್ಶನಕ್ಕೆ ಬ್ಯಾಟರಿ ಇಲ್ಲದ ಕ್ರಿಸ್ಟಲ್ ರೇಡಿಯೋ ಮಾಡಿದೆ. ಏನೂ ಕೇಳಿಸುತ್ತಿಲ್ಲ. ಆಂಟೆನಾ ಒಂದು ಮೀಟರ್ ತಂತಿ. ತಪ್ಪೆಲ್ಲಿ, ಮಿಸ್? — 9ನೇ ತರಗತಿ ವಿದ್ಯಾರ್ಥಿನಿ, ನೆಲಮಂಗಲ

ಮಗಳೇ, ಬ್ಯಾಟರಿ ಇಲ್ಲ ಎಂದರೆ ನಿನ್ನ ಕಿವಿಗೆ ಬರುವ ಸದ್ದಿನ ಅಷ್ಟೂ ಶಕ್ತಿ ಗಾಳಿಯಿಂದಲೇ ಬರಬೇಕು. ಒಂದು ಮೀಟರ್ ತಂತಿ ಎಷ್ಟು ತಂದೀತು? ಎಲ್ಲ ರೇಡಿಯೋಗಳ ಪೈಕಿ ಇದೊಂದಕ್ಕೆ ತಂತಿ ಎಷ್ಟು ಉದ್ದ, ಎಷ್ಟು ಎತ್ತರ ಇದ್ದರೂ ಸಾಲದು. ದೊಡ್ಡವರ ಸಹಾಯದಿಂದ 20 ಮೀಟರ್ ತಂತಿಯನ್ನು ಆರೇಳು ಮೀಟರ್ ಎತ್ತರದಲ್ಲಿ ಎಳೆಸು. ಇನ್ನೊಂದು ತುದಿಗೆ ಭೂಮಿ ಬೇಕು. ಮನೆಯ ಬೋರ್‌ವೆಲ್ಲಿಗೆ ಕಬ್ಬಿಣದ ಕೇಸಿಂಗ್ ಇದ್ದರೆ ಅದಕ್ಕೆ ಗಟ್ಟಿಯಾಗಿ ಬಿಗಿ, ಅದಕ್ಕಿಂತ ಒಳ್ಳೆಯ ಭೂಮಿ ಇಲ್ಲ. ಮಣ್ಣಿಗೆ ಚುಚ್ಚಿದ ಮೊಳೆ ಲೆಕ್ಕಕ್ಕಿಲ್ಲ.

ಡಯೋಡ್ ಜರ್ಮೇನಿಯಂ ಆಗಿರಲಿ, ಓಎ79 ಕೇಳು. ಸಿಲಿಕಾನ್ ಡಯೋಡ್ ಅರ್ಧ ವೋಲ್ಟಿಗಿಂತ ಹೆಚ್ಚು ಸಿಗದೆ ಬಾಯಿ ಬಿಡುವುದಿಲ್ಲ. ಮೊಬೈಲಿನ ಇಯರ್‌ಫೋನ್ ನೇರವಾಗಿ ಆಗದು, ಕ್ರಿಸ್ಟಲ್ ಇಯರ್‌ಫೋನ್ ಬೇಕು. ಇಷ್ಟಾದರೆ ಬೆಂಗಳೂರಿನ 612 ನಿನಗೆ ಕೇಳಿಸಬೇಕು.

ಪ್ರದರ್ಶನ ಮುಗಿದ ಮೇಲೆ ಗೌರಿಬಿದನೂರಿನ ಬಗ್ಗೆ ತಿಳಿದುಕೋ. ಅಲ್ಲಿನ ರೇಡಿಯೋ ವೀಕ್ಷಣಾಲಯದಲ್ಲಿ 34.5 ಮೆಗಾಹರ್ಟ್ಸ್‌ಗೆ ಅಳತೆ ಮಾಡಿದ 1000 ಡೈಪೋಲ್‌ಗಳನ್ನು ಬಯಲಿನಲ್ಲಿ ಇಂಗ್ಲಿಷಿನ ‘ಟಿ’ ಅಕ್ಷರದಂತೆ ಹರಡಿ ಆಕಾಶವನ್ನು ಕೇಳಿದ್ದಾರೆ. ಪೂರ್ವ–ಪಶ್ಚಿಮದ ತೋಳೇ ಸುಮಾರು 1.4 ಕಿಲೋಮೀಟರ್. ನೀನು ಕಟ್ಟುವ ತಂತಿಗೂ ಅದಕ್ಕೂ ತತ್ತ್ವ ಒಂದೇ. ನಾನು ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿದ್ದಾಗ ಆ ಕಂಬಗಳ ಸಾಲಿನ ನಡುವೆ ನಿಂತು ಮಾತೇ ಹೊರಡಲಿಲ್ಲ.

ಪ್ರಶ್ನೆ: ಹಿಂದಿನ ಸಂಚಿಕೆಯಲ್ಲಿ ನೀವು ಕೊಟ್ಟಿದ್ದ ಚೌಕಟ್ಟಿನ ಏರಿಯಲ್ ಅಳತೆ ತಪ್ಪದೆ ಕಟ್ಟಿದೆ. ಗ್ಯಾಂಗ್ ಎಷ್ಟು ತಿರುಗಿಸಿದರೂ ಯಾವ ಬದಲಾವಣೆಯೂ ಇಲ್ಲ. ಮೂರು ದಿನ ಹೋಯಿತು. — ಓದುಗರು, ಅರಸೀಕೆರೆ

ನೀವು ಕಳಿಸಿದ ಫೋಟೋ ಭೂತಗನ್ನಡಿ ಹಿಡಿದು ನೋಡಿದೆ. ಸುತ್ತು ಅಚ್ಚುಕಟ್ಟಾಗಿದೆ, ನನ್ನದಕ್ಕಿಂತ ಚೆನ್ನಾಗಿದೆ. ಆದರೆ ಗ್ಯಾಂಗಿಗೆ ಬೆಸೆದಿರುವ ಎರಡೂ ತುದಿ ಕೆಂಪಗೆ ಹೊಳೆಯುತ್ತಿವೆ. ಅದು ತಾಮ್ರದ ಬಣ್ಣವಲ್ಲ, ಎನಾಮಲ್ ಮೆರುಗು. ಕರೆಂಟಿಗೆ ಅದು ಗೋಡೆ. ಬೆಸುಗೆ ಮೇಲ್ಮೈಗೆ ಮಾತ್ರ ಕೂತಿದೆ. ಎರಡು ತುದಿಯನ್ನೂ ಒಂದು ಅಂಗುಲ ಬ್ಲೇಡಿನಿಂದ ಸುತ್ತಲೂ ಕೆರೆಯಿರಿ, ಆಮೇಲೆ ಉಪ್ಪುಕಾಗದ ಹಾಕಿ ಉಜ್ಜಿ, ಹಸಿ ತಾಮ್ರ ಕಾಣಬೇಕು. ಮತ್ತೆ ಬೆಸೆಯಿರಿ. ಗ್ಯಾಂಗಿನ ರೆಕ್ಕೆಗಳು ಎಲ್ಲಾದರೂ ಒಂದಕ್ಕೊಂದು ಉಜ್ಜುತ್ತಿವೆಯೇ ಎಂದೂ ಬೆಳಕಿಗೆ ಹಿಡಿದು ನೋಡಿ. ಇಂದು ರಾತ್ರಿ ಎಂಟರ ನಂತರ ತಿರುಗಿಸಿ, ಏನು ಸಿಕ್ಕಿತೆಂದು ನಾಳೆಯೇ ಒಂದು ಕಾರ್ಡು ಬರೆಯಿರಿ. ಕಾಯುತ್ತಿರುತ್ತೇನೆ.